ಗಂಟೆಯಕ್ಕ ಗೇಟಿನಾಚೆ ಕೂತ ದಿನ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಗಂಟೆಯಕ್ಕ ಎಂದೇ ಕರೆಯುತ್ತಿದ್ದರು. ಅಟೆಂಡರ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಪ್ರವೇಶ ಪರೀಕ್ಷೆ ಬಂದಾಗಲೆಲ್ಲ ಬೆಂಚುಗಳಿಗೆ ನಂಬರಿನ ಚೀಟಿ ಅಂಟಿಸುವವಳು ಅವಳೇ, ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯುವವಳೂ ಅವಳೇ. ನಡುವೆ ನೀರಿನ ಜಗ್ಗು ಹಿಡಿದು ಪರೀಕ್ಷೆಯ ಕೊಠಡಿಯ ಹಿಂಬದಿಯಲ್ಲಿ ನಿಲ್ಲುತ್ತಿದ್ದಳು. ಪ್ರಶ್ನೆಪತ್ರಿಕೆಯ ಒಂದು ಸಾಲೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಬರೆಯುವವರ ಬೆನ್ನು ನೋಡಿಯೇ ಯಾರು ದಡ ಸೇರುತ್ತಾರೆ, ಯಾರು ಮುಳುಗುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಮೇಷ್ಟ್ರುಗಳು ನಗುತ್ತಿದ್ದರು. ನಗಲಿ ಬಿಡಿ, ಮುಂದಿನ ಕುರ್ಚಿಯಲ್ಲಿ ಕೂತು ತೂಕಡಿಸುವವರಿಗೆ ಏನು ಕಾಣಬೇಕು!

ಅವಳ ಪ್ರಕಾರ ಮುಳುಗುವವರು ದಡ್ಡರಲ್ಲ, ಬಹಳ ಸಲ ಜಾಣರೇ. ಬಾರದ ಪ್ರಶ್ನೆಯ ಜೊತೆ ಜಗಳಕ್ಕೆ ಕೂರುತ್ತಾರೆ. ಇಲ್ಲವೇ ಉತ್ತರದ ಹಾಳೆಯ ಸಣ್ಣ ವೃತ್ತಗಳಿಗೆ ಮಸಿ ತುಂಬುವ ಕೆಲಸವನ್ನು ಕೊನೆಗೆ ಉಳಿಸಿಕೊಂಡು, ಗಡಿಬಿಡಿಯಲ್ಲಿ ಒಂದು ಸಾಲು ತಪ್ಪಿ, ಮುಂದಿನದೆಲ್ಲ ಎಡವಟ್ಟು ಮಾಡಿಕೊಳ್ಳುತ್ತಾರೆ. ದಡ ಸೇರುವವರು ಬಂದದ್ದನ್ನು ಮೊದಲು ಮುಗಿಸಿ, ಬಾರದ್ದನ್ನು ಹಾಗೇ ದಾಟಿಹೋಗುತ್ತಾರೆ.

ಇಷ್ಟೆಲ್ಲ ಗೊತ್ತಿದ್ದವಳ ಸ್ವಂತ ಅಣ್ಣನ ಮಗಳೇ ಮುಳುಗಿದಳು. ಹುಡುಗಿ ಗಣಿತದಲ್ಲಿ ಹುಲಿ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು. ಒಂದೇ ಲೆಕ್ಕದ ಮೇಲೆ ನಲವತ್ತು ನಿಮಿಷ ಕೂತು, ಸರಿ ಉತ್ತರವನ್ನೇ ತೆಗೆದು, ಕೊನೆಯ ಎರಡು ಪುಟ ಮುಟ್ಟದೆ ಎದ್ದು ಬಂದಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಓದು ಸಾಕು, ಬೈಂಡಿಂಗ್ ಅಂಗಡಿಗೆ ಬಾ," ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ. ಗಂಟೆಯಕ್ಕ ಅವಳನ್ನು ತನ್ನ ಮನೆಗೆ ಕರೆತಂದಳು.

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ, ಅತ್ತೆಯ ಕೈಯಲ್ಲಿ ಸ್ಟೀಲ್ ತಟ್ಟೆ ಮತ್ತು ಸೌಟು. ಎರಡು ನಿಮಿಷಕ್ಕೊಮ್ಮೆ ಢಣ್! ಆಗ ಲೆಕ್ಕ ಎಲ್ಲಿದ್ದರೂ ಬಿಟ್ಟು ಮುಂದಿನದಕ್ಕೆ ಹೋಗಬೇಕು.

"ಅತ್ತೆ, ಇನ್ನೊಂದೇ ಸಾಲು!"

"ಹೋದ ವರ್ಷವೂ ಅದೊಂದೇ ಸಾಲು ಇತ್ತು. ನಡಿ ಮುಂದಕ್ಕೆ."

ಮೊದಲ ವಾರ ಹುಡುಗಿ ಅತ್ತಳು. ಎರಡನೇ ವಾರ ಸೌಟು ಬಚ್ಚಿಟ್ಟಳು. "ಏನ್ರೀ, ದಿನಾ ಯಾರನ್ನ ಊಟಕ್ಕೆ ಕರೀತೀರಿ?" ಎಂದು ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿದಳು. ಆರು ತಿಂಗಳಲ್ಲಿ, ತಟ್ಟೆ ಬಡಿದರೆ ಸಾಕು, ಹುಡುಗಿಯ ಕೈ ತಾನಾಗಿ ಮುಂದಿನ ಪ್ರಶ್ನೆಗೆ ಹೋಗುತ್ತಿತ್ತು. ಗಂಟೆಯಕ್ಕ ಬೀಗಿದಳು. ತಟ್ಟೆ ಸುಮ್ಮನಿದ್ದ ದಿನ ಹುಡುಗಿ ಮೊದಲಿನಂತೆಯೇ ಒಂದೇ ಲೆಕ್ಕಕ್ಕೆ ಜೋತುಬೀಳುತ್ತಾಳೆ ಅನ್ನುವುದು ಮಾತ್ರ ಅವಳ ಗಮನಕ್ಕೆ ಬರಲಿಲ್ಲ. ಗಂಟೆ ಹೊಡೆದೇ ಬದುಕಿದವಳು ಮಾಡುವ ತಪ್ಪು ಅದು.

ಹಾಲ್ ಟಿಕೆಟ್ ಬಂದಾಗ ಅದು ಬಯಲಾಯಿತು. ಪರೀಕ್ಷಾ ಕೇಂದ್ರ ಅತ್ತೆಯ ಕಾಲೇಜೇ! ಹುಡುಗಿ ಕುಣಿದಳು. "ನೀನು ಹಿಂದೆ ನಿಂತಿರ್ತೀಯಲ್ಲ ಅತ್ತೆ. ನಾನು ಸಿಕ್ಕಿಹಾಕ್ಕೊಂಡೆ ಅನ್ನಿಸಿದ್ರೆ ಜಗ್ಗನ್ನ ಒಂಚೂರು ತಟ್ಟು. ಇಲ್ಲದಿದ್ರೆ ನನ್ ಕೈಲಿ ಆಗಲ್ಲ."

ತಟ್ಟೆಯ ಸದ್ದಿಲ್ಲದೆ ಹುಡುಗಿ ಮುಂದೆ ಹೋಗಲಾರಳು ಎಂದು ಗಂಟೆಯಕ್ಕನಿಗೆ ಆಗ ಹೊಳೆಯಿತು.

ಪರೀಕ್ಷೆಯ ಕೆಲಸಕ್ಕೆ ನಿಲ್ಲುವವರೆಲ್ಲ ಒಂದು ಫಾರಂ ತುಂಬಬೇಕು. ಹತ್ತಿರದ ಸಂಬಂಧಿಕರು ಇಲ್ಲಿ ಬರೆಯುತ್ತಿದ್ದಾರೆಯೇ? ಇದ್ದರೆ ಆ ದಿನ ಒಳಗೆ ನಿಲ್ಲುವಂತಿಲ್ಲ. ಇಷ್ಟು ವರ್ಷ 'ಇಲ್ಲ' ಎಂದು ಕಣ್ಣು ಮುಚ್ಚಿ ಸಹಿ ಹಾಕಿದ್ದಳು. ಈಗ ಪೆನ್ನು ಹಿಡಿದು ಕೂತುಬಿಟ್ಟಳು.

"ಅಣ್ಣನ ಮಗಳು ತಾನೇ? ಇಲ್ಲ ಅಂತ ಬರೀರಿ ಅಕ್ಕಾ, ಯಾರು ಕೇಳ್ತಾರೆ?" ಎಂದ ಗುಮಾಸ್ತ.

ಜಗ್ಗು ತಟ್ಟಿದರೆ ಯಾರ ಗಂಟು ಹೋಗುತ್ತದೆ? ಅವಳಿಗೂ ಹಾಗೇ ಅನ್ನಿಸಿತು. ಆದರೆ ತನ್ನ ಕಣ್ಣೆದುರೇ ಮುಳುಗಿದ ಬೆನ್ನುಗಳು ಒಂದೊಂದಾಗಿ ನೆನಪಾದವು. ಅವೂ ಯಾರದೋ ಮನೆಯ ಮಕ್ಕಳೇ, ಅವರಿಗೆ ತಾನು ಜಗ್ಗು ತಟ್ಟಿರಲಿಲ್ಲ. 'ಇದ್ದಾಳೆ' ಎಂದು ಬರೆದಳು. ಆ ದಿನದ ಗಂಟೆ ಮಾಲಿಯ ಪಾಲಾಯಿತು. ಸುದ್ದಿ ಕೇಳಿದ ಹುಡುಗಿ ಪುಸ್ತಕ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋದಳು.

ಪರೀಕ್ಷೆಯ ದಿನ ಗಂಟೆಯಕ್ಕ ಮೊದಲ ಬಾರಿಗೆ ಗೇಟಿನಾಚೆ, ಬೇರೆ ತಾಯಂದಿರ ನಡುವೆ ಕಲ್ಲಿನ ಮೇಲೆ ಕೂತಳು. ಮಾಲಿ ಮೊದಲ ಗಂಟೆಯನ್ನೇ ಐದು ನಿಮಿಷ ತಡವಾಗಿ ಹೊಡೆದ. ಮಗು ಒಂದೇ ಲೆಕ್ಕದ ಮುಂದೆ ಕೂತಿರುತ್ತಾಳೆ, ಅವಳ ಓದಿಗೆ ನಾನೇ ಕಲ್ಲು ಹಾಕಿದೆ ಎಂದು ತನ್ನನ್ನೇ ಬೈದುಕೊಂಡಳು. ಹೊರಗೆ ಬಂದ ಹುಡುಗಿ ಮುಖ ತಿರುಗಿಸಿಕೊಂಡು ನಡೆದಳು. ಅತ್ತೆಗೆ ಕೇಳುವ ಧೈರ್ಯ ಬರಲಿಲ್ಲ.

ತಿಂಗಳ ಮೇಲೆ ಫಲಿತಾಂಶ ಬಂತು. ಪಟ್ಟಿಯ ಬುಡದಲ್ಲಿ, ಕಡೆಯಿಂದ ಒಂಬತ್ತನೆಯದಾಗಿ, ಹುಡುಗಿಗೆ ಸೀಟು ಸಿಕ್ಕಿತ್ತು. ಅವಳು ಬಂದು ಅತ್ತೆಯ ಪಕ್ಕ ಕೂತಳು.

"ಮೂವತ್ತೊಂದನೇ ಪ್ರಶ್ನೇಲಿ ಸಿಕ್ಕಿಹಾಕ್ಕೊಂಡೆ ಅತ್ತೆ. ಹಿಂದೆ ತಿರುಗಿ ನೋಡ್ದೆ. ನೀನಿರ್ಲಿಲ್ಲ. ಅಳು ಬಂತು. ಅಳ್ತಾ ಕೂತ್ರೆ ಟೈಮ್ ಹೋಗುತ್ತೆ ಅಂತ ಮುಂದಿನದಕ್ಕೆ ಹೋದೆ. ಆಮೇಲೆ ತಿರುಗಿ ನೋಡ್ಲೇ ಇಲ್ಲ."

ತನ್ನನ್ನು ಹುಡುಕಿ ತಿರುಗಿದ ಆ ಮುಖ ನೆನೆದು ಗಂಟೆಯಕ್ಕನಿಗೆ ದುಃಖವಾಯಿತು. ತಾನಿಲ್ಲದೆಯೂ ಹೋದಳಲ್ಲ ಎಂದು ಅದಕ್ಕಿಂತ ಹೆಚ್ಚು ಸಂತೋಷವಾಯಿತು.

"ಒಟ್ಟು ಎಷ್ಟು ಬಿಟ್ಟೆ?" ಎಂದಷ್ಟೇ ಕೇಳಿದಳು.

"ಹನ್ನೊಂದು," ಎಂದಳು ಹುಡುಗಿ, ಹೆಮ್ಮೆಯಿಂದ.