ತಾಂಬಾ ರೋಡಿಗೆ ಒಂದು ಗಾಡಿ

ಧರೆಪ್ಪ ಆಯುಷ್ಯದ ಅರ್ಧಕ್ಕೂ ಹೆಚ್ಚು ಬಸ್ಸಿನಲ್ಲೇ ಕಳೆದವನು. ಇಂಡಿ ಡಿಪೋದ ಕಂಡಕ್ಟರ್. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗಿ ತಿರುಗಿ ಆ ಕಡೆಯ ರಸ್ತೆಗಳೆಲ್ಲ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಬೇರೆಯವರಿಗೆ ತಿರುವು ಬರೀ ತಿರುವು. ಧರೆಪ್ಪನಿಗೆ ಅಲ್ಲಿ ಮಗುಚಿದ ಟ್ರ್ಯಾಕ್ಟರು, ಚೆಲ್ಲಿದ ಕಬ್ಬು, ರಸ್ತೆ ಬದಿ ಕೂತು ಅಳುತ್ತಿದ್ದ ಯಾರದೋ ತಾಯಿ. ಅಷ್ಟು ವರ್ಷ ಗಾಡಿಯಲ್ಲಿದ್ದರೂ ಒಂದು ದಿನವೂ ಸ್ಟೇರಿಂಗ್ ಮುಟ್ಟಿದವನಲ್ಲ. ನಿವೃತ್ತಿಯಾದ ದಿನ ಹೆಂಡತಿ ಶಂಕ್ರೆವ್ವನಿಗೆ, “ಜೀವ ಉಳಿಸ್ಕೊಂಡು ಬಂದೇನಿ ನೋಡು,” ಎಂದಿದ್ದ.

ಅಂಥವನ ಮಗಳು ವಿಜಯಶ್ರೀಗೆ ತಾಂಬಾದ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಇಂಡಿಯಿಂದ ತಾಂಬಾದವರೆಗೆ ಬಸ್ಸಿತ್ತು. ಅಲ್ಲಿಂದಾಚೆ, ಹೊಲದ ಮನೆಗಳಲ್ಲಿ ಈಯಲಾರದೆ ಒದ್ದಾಡುವ ಆಕಳು ಎಮ್ಮೆಗಳ ಹತ್ತಿರ ಹೋಗಲು ಏನೂ ಇರಲಿಲ್ಲ. ಲೈಸೆನ್ಸು ಕೈಗೆ ಬಂದದ್ದು ಮೊನ್ನೆ ಮೊನ್ನೆ. ಹುಡುಗಿ ಕಾರು ಬೇಕೆಂದಳು.

“ಹಳೇದ ಸಾಕಪ್ಪಾ. ಹೊಸಾದು ನನ್ನ ಪಗಾರಕ್ಕ ನಿಲುಕೂದಿಲ್ಲ.”

ಧರೆಪ್ಪ ಬೇಡ ಎನ್ನಲಿಲ್ಲ. ಆದರೆ ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

ಸಿಂದಗಿಯಲ್ಲಿ ಹಳೆ ಕಾರು ಮಾರುವ ಯಲ್ಲಾಲಿಂಗ ಬಿಳಿ ಬಣ್ಣದ ದೊಡ್ಡ ಗಾಡಿಯೊಂದನ್ನು ತೋರಿಸಿದ. ಕನ್ನಡಿಯಂತೆ ಹೊಳೆಯುತ್ತಿತ್ತು. ಬೆಲೆಯೂ ನಂಬಲಾರದಷ್ಟು ಕಡಿಮೆ. ವಿಜಯಶ್ರೀಯ ಮುಖ ಅರಳಿತು. ಧರೆಪ್ಪ ಡಿಕ್ಕಿ ತೆಗೆಸಿ ನೋಡಿದ. ಒಳಗೆ ಗ್ಯಾಸಿನ ಟಾಕಿ ಕೂತಿತ್ತು.

“ಇದೇನಿದು?”

“ಗ್ಯಾಸ್ ಕಿಟ್ರಿ ಕಾಕಾರ. ಪೆಟ್ರೋಲ್ ಖರ್ಚು ಉಳಿತೈತಿ.”

ಧರೆಪ್ಪ ಅಲ್ಲೇ ನಿಂತು ಗುಲನಾಜಳಿಗೆ ಫೋನ್ ಹಚ್ಚಿ ಗಾಡಿಯ ವಿವರವೆಲ್ಲ ಹೇಳಿದ. ಇಂಡಿಯಲ್ಲಿ ಇನ್ಶೂರನ್ಸ್ ಮಾಡಿಸುವ ಹೆಣ್ಣುಮಗಳು. ಅವನ ಬಸ್ಸಿನಲ್ಲೇ ಕಾಲೇಜಿಗೆ ಓಡಾಡಿದವಳು.

“ಕಾಕಾ, ಆ ಕಿಟ್ ಆರ್‌ಸಿ ಒಳಗ ಏರಿಸ್ಯಾರೇನು ಕೇಳ್ರಿ.”

ಏರಿಸಿರಲಿಲ್ಲ. “ಅದೇನ್ ದೊಡ್ಡ ಮಾತಲ್ಲ ಬಿಡ್ರಿ,” ಎಂದ ಯಲ್ಲಾಲಿಂಗ.

“ದೊಡ್ಡ ಮಾತ ಐತಿ ಕಾಕಾ,” ಎಂದಳು ಗುಲನಾಜ ಫೋನಿನಲ್ಲಿ. “ನಾಳೆ ಏನರ ಆದ್ರ ಕ್ಲೇಮ್ ಕೊಡಾಕ ತಕರಾರು ತೆಗೀತಾರ. ದೊಡ್ಡ ಇಂಜಿನ್ ಇದ್ರ ವರ್ಷಾ ವರ್ಷಾ ಇನ್ಶೂರನ್ಸ್ ಕಟ್ಟೂದೂ ಜಾಸ್ತಿ. ಹೊಸದಾಗಿ ಹೊಡಿಯೂ ಹುಡುಗಿಗೆ ಸಣ್ಣ ಗಾಡಿ ನೋಡ್ರಿ. ಬ್ರೇಕು, ಏರ್‌ಬ್ಯಾಗು ನೆಟ್ಟಗಿರಲಿ, ಸಾಕು.”

ಮರಳುವ ಬಸ್ಸಿನಲ್ಲಿ ಮಗಳು ಕಿಟಕಿಯಾಚೆ ನೋಡುತ್ತ ಕೂತಳು. ತಾಂಬಾ ದಾಟಿದ ಮೇಲೆ ಒಮ್ಮೆಲೇ ಕೇಳಿದಳು:

“ಅಪ್ಪಾ, ನೀ ಅಂಜಿದ್ದು ಆ ಗಾಡಿಗೋ, ನಾ ಗಾಡಿ ಹೊಡಿಯೂದಕ್ಕೋ?”

ಗ್ಯಾಸಿನ ಟಾಕಿ ಕಂಡಾಗ ತನ್ನ ಎದೆ ಹಗುರಾದದ್ದು ಧರೆಪ್ಪನಿಗೆ ಮಾತ್ರ ಗೊತ್ತಿತ್ತು.

“ಎರಡಕ್ಕೂ,” ಎಂದ ಕಡೆಗೆ.

“ಹಂಗಾರ ಎಲ್ಲಾ ಗಾಡಿಗೂ ಒಂದಿಲ್ಲೊಂದು ಕುಂದು ತೆಗೀತಿ ನೀ.”

ಸಿಟ್ಟಿನಿಂದ ಹೇಳಿದ್ದರೆ ಸಹಿಸುತ್ತಿದ್ದ. ಅವಳ ದನಿಯಲ್ಲಿ ದಣಿವಷ್ಟೇ ಇತ್ತು. ಅದು ನಾಟಿತು.

ಆಮೇಲೆ ಧರೆಪ್ಪ ತಾನೇ ಗೆಳೆಯರನ್ನೆಲ್ಲ ಕೇಳಿ ಬಸವನ ಬಾಗೇವಾಡಿಯಲ್ಲಿ ಗಾಡಿ ಹುಡುಕಿದ. ಜೋಹರಾಬಿ ಎಂಬ ನಿವೃತ್ತ ಟೀಚರ್ ಮೊಣಕಾಲು ನೋವೆಂದು ತಮ್ಮ ಸಣ್ಣ ಪೆಟ್ರೋಲ್ ಕಾರನ್ನು ಮಾರುತ್ತಿದ್ದರು. ಬೂದು ಬಣ್ಣ, ಬಾಗಿಲಿಗೊಂದು ಗೀರು. ಪಾಲಿಸಿ ಚಾಲ್ತಿಯಲ್ಲಿತ್ತು. ವಿಜಯಶ್ರೀ ಮೊದಲು ಮೂಗು ಮುರಿದಳು. ಊರ ಹೊರಗೆ ಒಂದು ಸುತ್ತು ಹಾಕಿ ಬಂದವಳು, “ನನ್ನ ಮಾತು ಕೇಳ್ತೈತಪಾ ಇದು,” ಎಂದಳು. ಪಕ್ಕದಲ್ಲಿ ಕೂತಿದ್ದ ಧರೆಪ್ಪನಿಗೆ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತ್ತು.

ಆರ್‌ಸಿ, ಪಾಲಿಸಿ ಎರಡೂ ಮಗಳ ಹೆಸರಿಗಾಗುವ ತನಕ ಗಾಡಿ ರಸ್ತೆಗೆ ತರಬೇಡಿ ಎಂದು ಗುಲನಾಜ ಎಚ್ಚರಿಸಿದಳು. ಕಾರು ಜೋಹರಾಬಿಯವರ ಅಂಗಳದಲ್ಲೇ ನಿಂತಿತು. ಆ ದಿನಗಳಲ್ಲಷ್ಟೇ ಧರೆಪ್ಪ ಚೆನ್ನಾಗಿ ನಿದ್ದೆ ಮಾಡಿದ.

ಕಾಗದವೆಲ್ಲ ಮುಗಿದು ವಿಜಯಶ್ರೀ ಒಬ್ಬಳೇ ಹೊರಟ ಮೊದಲ ಬೆಳಿಗ್ಗೆ, ಮುಟ್ಟಿದ ಕೂಡಲೇ ಫೋನ್ ಮಾಡೆಂದು ಬಾಗಿಲಲ್ಲಿ ಹೇಳಿದ, ಗೇಟಿನಲ್ಲಿ ಹೇಳಿದ, ಕಾರಿನ ಕಿಟಕಿಗೆ ಬಗ್ಗಿ ಮತ್ತೆ ಹೇಳಿದ. ಫೋನ್ ಬರಲಿಲ್ಲ. ತಾನೇ ಹಚ್ಚಿದರೆ ರಿಂಗಾಗಿ ರಿಂಗಾಗಿ ನಿಂತಿತು. ಶಂಕ್ರೆವ್ವ ಇಟ್ಟ ಚಹಾ ಆರಿತು. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದ. ಸಿಂದಗಿ ಕಡೆಯಿಂದ ಬಸ್ಸೊಂದು ಆಗತಾನೇ ಬಂದು ನಿಂತಿತ್ತು. ಡ್ರೈವರ್ ಮೈಬೂಬ ಹಳೆಯ ಜೊತೆಗಾರ.

“ದಾರ್ಯಾಗ ಏನರ... ಬೂದು ಬಣ್ಣದ್ದು, ಸಣ್ಣದು...” ಎಂದ ಧರೆಪ್ಪ.

“ನಿಮ್ಮ ವಿಜೂ ಏನು? ತಾಂಬಾ ಈಚೆ ಎದುರಾದ್ಲು. ಕಬ್ಬಿನ ಟ್ರ್ಯಾಕ್ಟರ್ ಹಿಂದ ತೆವಳಕೊಂತ ಹೊಂಟಿದ್ಲು ನೋಡಪಾ. ನಾ ಇನ್ನೂ ದೂರ ಇದ್ದೆ, ಆದ್ರೂ ಆಕಿ ಟ್ರ್ಯಾಕ್ಟರ್ ದಾಟಲಿಲ್ಲ. ಹಿಂದಿನವರು ಹಾರ್ನ್ ಹೊಡದ ಹೊಡದ ಸಾಕಾಗಿದ್ರು.”

ಧರೆಪ್ಪ ಬಸ್ಸಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅಷ್ಟರಲ್ಲಿ ಕಿಸೆಯಲ್ಲಿ ಫೋನ್ ಬಡಿದುಕೊಂಡಿತು.

“ಬಂದ ಕೂಡಲೇ ಆಕಳ ಈಸೂದಿತ್ತಪ್ಪಾ, ಕೈ ಖಾಲಿ ಇರಲಿಲ್ಲ. ತಾಯಿ, ಕರ ಎರಡೂ ಅರಾಮ ಅದಾವು.”

“ಬರೂವಾಗ ಸಾವಕಾಶ ಬಾ ಯವ್ವಾ,” ಎಂದಷ್ಟೇ ಹೇಳಿದ.

ಅವಳು ಬರುವುದು ಸಂಜೆಗೆ. ಧರೆಪ್ಪ ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಸ್ಟ್ಯಾಂಡಿಗೆ ಬಂದ. ತಾಂಬಾ ಕಡೆಯಿಂದ ಬಂದ ಒಂದೊಂದು ಬಸ್ಸಿನ ಡ್ರೈವರನನ್ನೂ ಮಾತಾಡಿಸುತ್ತ ಕೂತ.