ಗಣಪತಿಯ ಜಾಗದಲ್ಲಿ ಬಾಕು

ಮಗಳ ಮದುವೆ ಕಾರ್ಡುಗಳ ಕಟ್ಟು ಬಿಚ್ಚಿದಾಗ ಹೊಸ ಶಾಯಿಯ ವಾಸನೆ ಬಂತು. ಪಕ್ಕದ ಬಟ್ಟಲಲ್ಲಿ ಕಲಸಿಟ್ಟ ಅರಿಸಿನ. ಎರಡೂ ಬೆರೆತು, ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿ ಅಕ್ಕ ಕಣ್ಣ ಮುಂದೆ ಬಂದು ನಿಂತರು.

ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ನನ್ನ ಮದುವೆಯ ಕಾರ್ಡೂ ಅಲ್ಲೇ ಅಚ್ಚಾದದ್ದು. ನಮ್ಮದು ಬಳೇಪೇಟೆಯ ಹಳೇ ಲಿಂಗಾಯತ ವ್ಯಾಪಾರಸ್ಥರ ಮನೆ. ಹುಡುಗ ಬೌದ್ಧರ ಮನೆಯವನು. ಅಪ್ಪ ಹೇಗೋ ಒಪ್ಪಿದ್ದರು. ಚಿಕ್ಕಪ್ಪ ಮಾತ್ರ ಮದುವೆ ಮುರಿಯಲು ಒಂದು ನೆಪಕ್ಕಾಗಿ ಕಾಯುತ್ತಿದ್ದರು. ನನಗೆ ದಿನಾ ಕೆಟ್ಟ ಕನಸು... ಮಂಟಪದಲ್ಲಿ ನಾನೊಬ್ಬಳೇ ಕೂತಿರುವಂತೆ. ಅದನ್ನು ಕೇಳಿ ಹುಡುಗ ಒಂದು ಜಪಾನಿ ಚಿತ್ರ ತಂದುಕೊಟ್ಟ. ಬಾಕು ಅಂತ ಹೆಸರು. ಆನೆಯ ಸೊಂಡಿಲು, ಹುಲಿಯ ಕಾಲು. ಎದ್ದ ಕೂಡಲೇ ಕರೆದರೆ ಬಂದು ಕೆಟ್ಟ ಕನಸನ್ನು ತಿಂದುಬಿಡುತ್ತದಂತೆ. ಮನೆಯಲ್ಲಿಟ್ಟರೆ ಚಿಕ್ಕಪ್ಪನ ಕಣ್ಣಿಗೆ ಬೀಳುತ್ತದೆಂದು, ಅಕ್ಕನಿಗೆ ಅದರ ಕಥೆ ಹೇಳಿ, ಅವರ ಮೇಜಿನ ಮೇಲೆ, ನಮ್ಮ ಕಾರ್ಡಿನ ಕಾಗದಗಳ ಜೊತೆಗೇ ಇಟ್ಟುಬಂದೆ.

ಪ್ರೆಸ್ಸಿನವರು ಸೊಂಡಿಲು ನೋಡಿದರು, ಗಣಪತಿಯೆಂದುಕೊಂಡರು. ಕಾರ್ಡಿನ ನೆತ್ತಿಯ ಮೇಲೆ ಬಾಕು ಕೂತಿತು!

ಕಾರ್ಡು ತರಲು ಹೋದಾಗ ಅಪ್ಪನ ಜೊತೆ ಚಿಕ್ಕಪ್ಪನೂ ಬಂದಿದ್ದರು. ನೋಡಿದ್ದೇ ತಡ, ಕೂಗಾಡಿದರು. "ಗಣಪತಿನೇ ಈ ಮದ್ವೆಗೆ ಬರಲ್ಲ ಅಂದಿದಾನೆ. ಇನ್ನೇನ್ ಬೇಕು? ಎಲ್ಲಾ ಸುಟ್ಹಾಕಿ, ಮದ್ವೆನೂ ನಿಲ್ಸಿ." ಅಪ್ಪ ತಲೆ ತಗ್ಗಿಸಿದರು.

ಅಕ್ಕ ಕುರ್ಚಿಯಿಂದ ಎದ್ದರು. "ಸುಡಲ್ಲ. ತಪ್ಪು ನಮ್ ಪ್ರೆಸ್‌ದು, ಮದ್ವೆದಲ್ಲ. ಕೆಟ್ಟ ಕನಸು ತಿನ್ನೋ ಪ್ರಾಣಿ ಇದು. ನಿಮ್ಮಂಥೋರು ಇರೋ ಮನೆಗೆ ಇದೇ ಸರಿ ಬಿಡಿ."

ಕಾರ್ಡಿನ ಮೂಲೆಗೆ ಅರಿಸಿನ ಹಚ್ಚುವುದು ಮುತ್ತೈದೆಯರ ಕೆಲಸ. ವಿಧವೆಯ ಕೈ ಸೋಕಬಾರದು ಅನ್ನುತ್ತಾರೆ. ಅಕ್ಕ ಚಿಕ್ಕಪ್ಪನ ಎದುರೇ ಅರಿಸಿನ ಕಲಸಿ, ಮೊದಲ ಕಾರ್ಡಿನ ನಾಲ್ಕೂ ಮೂಲೆಗೆ ಹಚ್ಚಿ, ಅವರ ಕೈಗೇ ಕೊಟ್ಟರು. "ಬನ್ನಿ ಮದ್ವೆಗೆ."

ಅಪ್ಪ ಆಗ ತಲೆಯೆತ್ತಿದರು. ಉಳಿದ ಕಾರ್ಡುಗಳ ಕಟ್ಟನ್ನು ತಾವೇ ಹೆಗಲಿಗೇರಿಸಿಕೊಂಡು ಹೊರಟರು. ಮದುವೆಯಾಯಿತು. ಚೆನ್ನಾಗಿಯೇ ಬಾಳಿದೆವು.

ಅಕ್ಕ ಹೋಗಿ ಬಹಳ ವರ್ಷವಾಯಿತು. ಆ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಹೋದ ವರ್ಷ ನಮ್ಮ ಯಜಮಾನರೂ ಹೋದರು... ಈ ಸಂಭ್ರಮ ನೋಡಲು ಇಬ್ಬರೂ ಇಲ್ಲ.

ಮಗಳ ಕಾರ್ಡಿನ ಮೇಲೂ ಬಾಕುವೇ ಇದೆ. ಈ ಸಲ ಯಾರೂ ತಪ್ಪು ಮಾಡಿಲ್ಲ, ನಾವೇ ಕೇಳಿ ಹಾಕಿಸಿದ್ದು. ಅರಿಸಿನಕ್ಕೆ ಕೈ ಚಾಚಿದೆ. ಚಿಕ್ಕಪ್ಪನ ಸೊಸೆ ಮೆಲ್ಲಗೆ ಬಟ್ಟಲು ಸರಿಸಿದಳು. "ಅಕ್ಕಾ, ನೀವ್ ಬೇಡ. ನಾನ್ ಹಚ್ತೀನಿ, ಕೊಡಿ."

ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡು ಬೆರಳದ್ದಿದೆ. ನಾಲ್ಕೂ ಮೂಲೆಗೆ ಹಚ್ಚಿ, ಮೊದಲ ಕಾರ್ಡನ್ನು ಅವಳ ಕೈಗೇ ಕೊಟ್ಟೆ.