ಕುಂಕುಮದ ಹಲಗೆ

ಗುರುಸಿದ್ಧಪ್ಪ ತಪ್ಪು ಒಪ್ಪಿಕೊಳ್ಳುವ ಮನುಷ್ಯನಲ್ಲ. ಅನ್ನ ಸೀದರೆ ಒಲೆಯನ್ನು ಬೈಯುತ್ತಾನೆ. 2004ರಲ್ಲಿ ಅಮೆರಿಕದ ಟೊರೆನ್ಸ್‌ನ ತನ್ನ ಹೊಸ ಮನೆಯ ಹೊರಗೋಡೆಗೆ ಮರದ ಹಲಗೆ ಹೊದಿಸುವ ದಿನ, ಮೊದಲ ಹಲಗೆಗೆ ಕುಂಕುಮ ಹಚ್ಚಿದ. ಕೆಳಗಿನಿಂದ ಶುರುಮಾಡಿ, ಮೇಲಿನ ಹಲಗೆಯ ಅಂಚು ಕೆಳಗಿನದನ್ನು ಮುಚ್ಚುವಂತೆ ಹೊಡೆಯಬೇಕು ಎಂದ ಬಡಗಿ ರಮೀರೊ. ಪೂಜೆಯಾದ ಹಲಗೆ ಕಾಲ ಬಳಿ ಇರಬಾರದೆಂದು ಗುರುಸಿದ್ಧಪ್ಪ ಮೇಲಿನಿಂದಲೇ ಹೊಡೆಸಿದ; ಅಂಚುಗಳೆಲ್ಲ ತಿರುವುಮುರುವಾದವು.

"ಮಳೆ ನೀರು ಒಳಗೆ ಹೋಗುತ್ತಲ್ಲಪ್ಪ," ಎಂದೆ ಎದುರು ಮನೆಯ ನಾನು.

"ನಾ ವಿಮಾನದ ರೆಕ್ಕಿ ಡಿಸೈನ್ ಮಾಡಾಂವ ಅದೀನ್ರಿ ಆಂಟಿ. ನನಗ ಗ್ವಾಡಿ ಕಲಿಸ್ತೀರೇನು?"

ಸಂಜೆ ರಮೀರೊನನ್ನು ಕೆಲಸಕ್ಕಿಟ್ಟುಕೊಂಡಿದ್ದ ಕಂಟ್ರಾಕ್ಟರ್ ಬಂದು ಗೋಡೆ ನೋಡಿ, ಇದನ್ನು ಹೊಡೆದವನಿಗೆ ನಾಳೆಯಿಂದ ಕೆಲಸವಿಲ್ಲ ಎಂದ. ರಮೀರೊ ತಲೆ ತಗ್ಗಿಸಿದ. ಗುರುಸಿದ್ಧಪ್ಪ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಹೊಡೆದವನು ನಾನು," ಎಂದ.